ಫ್ರಾಂಕ್‌ಫರ್ಟಿನಲ್ಲಿ ನೋಡಬೇಕಾದದ್ದು

ಜರ್ಸಿ ಸಿಟಿ
ಫೆಬ್ರವರಿ 20, 2000

ಪ್ರೀತಿಯ ನಳಿನಕ್ಕ,

ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟೆ, ಕೈ ತಡೆಯಿತು. ಮಗು ಕ್ಷೇಮ. ಅಮ್ಮ ಕ್ಷೇಮ. ನನಗೆ ಮಾತ್ರ ನಿದ್ದೆ ಎಂಬುದು ಮರೆತೇ ಹೋಗಿದೆ. ಆನ್ಯಾ ಅಳುತ್ತಾಳೆ ಅಂತಲ್ಲ. ಅವಳು ಅಳದೆ ಮಲಗಿದಾಗಲೇ ನನಗೆ ಎಚ್ಚರ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ಉಸಿರಿದೆ ಎಂದು ಗೊತ್ತಾದ ಮೇಲೆ, ಬೆರಳು ತೆಗೆದೆನಲ್ಲ, ಈಗ ಇದೆಯೋ ಇಲ್ಲವೋ ಎಂದು ಮತ್ತೆ ಎದ್ದು ಕೂರುತ್ತೇನೆ. ಡಾಕ್ಟರು ಇದು ಹೊಸ ತಾಯಂದಿರಿಗೆ ಮಾಮೂಲು ಅಂದರು. ಅಮ್ಮ ಜೀರಿಗೆ ಕಷಾಯ ಕುಡಿ ಅಂದಳು. ಎರಡೂ ಆಯಿತು.

ಹೊಸವರ್ಷಕ್ಕೆ ನೀನು ಕಳಿಸುವ ಕಾರ್ಡಿಗೆ ಒಂದು ಕಾರ್ಡು ಕಳಿಸಿ ಸುಮ್ಮನಿರುತ್ತಿದ್ದವಳು ಇಷ್ಟುದ್ದ ಯಾಕೆ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ವಿಷಯ ಇದೆ. ಬಾಣಂತನಕ್ಕೆಂದು ಬಂದ ಅಮ್ಮ ಮೇ ಕೊನೆಗೆ ಮೈಸೂರಿಗೆ ವಾಪಸು. ನಾನೂ ಮಗುವನ್ನು ಕರೆದುಕೊಂಡು ಅವಳ ಜೊತೆ ಹೋಗುತ್ತಿದ್ದೇನೆ. ವಿಮಾನ ಬದಲಾಗುವುದು ನಿಮ್ಮ ಫ್ರಾಂಕ್‌ಫರ್ಟಿನಲ್ಲಿ. ಬೇಕಿದ್ದರೆ ಅಲ್ಲಿ ಎರಡು ದಿನ ಇಳಿದು ಹೋಗಬಹುದು ಎಂದು ಟ್ರಾವೆಲ್ ಏಜೆಂಟ್ ಹೇಳಿದಾಗಿನಿಂದ ತಲೆಯಲ್ಲಿ ಅದೇ.

ಅಮ್ಮನಿಗೆ ಊರು ನೋಡೋಣ ಎಂದಷ್ಟೇ ಹೇಳುತ್ತೇನೆ. ನೀನು ಅಲ್ಲಿ ಇರುತ್ತೀಯ. ಮುಖಾಮುಖಿ ಆದ ಮೇಲೆ ಏನಾಗುತ್ತೋ ಆಗಲಿ. ಅಪ್ಪ ಹೋಗಿ ಎರಡು ವರ್ಷವಾಯಿತು. ಆದರೂ ನಿನ್ನ ಹೆಸರು ಎತ್ತುವ ಅಭ್ಯಾಸ ಮನೆಯಲ್ಲಿ ಮರಳಿ ಬರಲಿಲ್ಲ. ನೀನು ಮಾರ್ಟಿನ್ ಭಾವನನ್ನು ಮದುವೆಯಾದಾಗ ನಾನಿನ್ನೂ ಪಿಯುಸಿ. ಆಗ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಈಗಲೂ ಯಾರೂ ಕೇಳುತ್ತಿಲ್ಲ, ನಾನೇ ಮೂಗು ತೂರಿಸುತ್ತಿದ್ದೇನೆ. ಜಗದೀಶ್‌ರನ್ನು ಕೇಳಿದೆ. "ನಿಮ್ಮನೆ ಪಾಲಿಟಿಕ್ಸ್ ನಿನಗೇ ಇರಲಿ ಮಾರಾಯ್ತಿ, ನನ್ನ ಪೇಜರ್ ಕಾಟವೇ ಸಾಕು ನನಗೆ" ಅಂದರು.

ಫೋನ್ ಮಾಡಬೇಡ. ಒಂದೇ ಬೆಡ್‌ರೂಮಿನ ಮನೆ, ಎಲ್ಲಿ ನಿಂತು ಮಾತಾಡಿದರೂ ಅಮ್ಮನಿಗೆ ಕೇಳಿಸುತ್ತದೆ. ಬರೆ. ಒಂದೇ ಸಾಲಾದರೂ ಸರಿ.

ನಿನ್ನ,
ಹರ್ಷಿ


ಫ್ರಾಂಕ್‌ಫರ್ಟ್
ಮಾರ್ಚ್ 4, 2000

ಹರ್ಷಿತಾ,

ಪತ್ರ ತಲುಪಿತು. ಮಗುವಿಗೆ ನನ್ನ ಆಶೀರ್ವಾದ.

ಮೇ ಕೊನೆಯಲ್ಲಿ ಇಲ್ಲಿ ಹವೆ ಚೆನ್ನಾಗಿರುತ್ತದೆ. ಆದರೂ ಒಂದು ಸ್ವೆಟರ್ ಇರಲಿ. ವಿಮಾನನಿಲ್ದಾಣದ ಕೆಳಗಿನಿಂದಲೇ ಊರೊಳಕ್ಕೆ ರೈಲಿದೆ, ಲಿಫ್ಟ್ ಇದೆ, ಸ್ಟ್ರೋಲರ್ ಹೊತ್ತು ಮೆಟ್ಟಿಲು ಇಳಿಯಬೇಕಾಗಿಲ್ಲ. ಮೊದಲ ದಿನ ಹಳೆಯ ಚೌಕ. ಅಲ್ಲಿಂದ ನಡೆದರೆ ಮೈನ್ ನದಿ, ಅದರ ಮೇಲೆ ನಡೆದು ಹೋಗುವವರಿಗೆಂದೇ ಒಂದು ಕಬ್ಬಿಣದ ಸೇತುವೆ. ನದಿಯಲ್ಲಿ ದೋಣಿ ಸುತ್ತಾಟ ಇದೆ, ಕುಳಿತೇ ಊರು ನೋಡಬಹುದು. ಎರಡನೆಯ ದಿನ ಸಸ್ಯೋದ್ಯಾನ. ಅಲ್ಲಿ ಗಾಜಿನ ಮನೆಯೊಳಗೆ ಬಾಳೆಗಿಡ ಬೆಳೆಸಿದ್ದಾರೆ. ಅಮ್ಮ ನೋಡಬಹುದು.

ಹೊರಗಿನದು ಅಮ್ಮ ತಿನ್ನುವುದಿಲ್ಲ ಎಂದು ನೆನಪಿದೆ. ಇಲ್ಲಿಯ ಮೊಸರು ಹುಳಿಯಿರುವುದಿಲ್ಲ, ಅನ್ನಕ್ಕೆ ಹೊಂದುತ್ತದೆ. ಅಕ್ಕಿ, ಕುಕ್ಕರ್ ನನ್ನಲ್ಲಿದೆ.

ಅವಳಿಗೆ ಹೇಳದೆ ಕರೆತರುವುದು ನನಗೆ ಹಿಡಿಸಲಿಲ್ಲ. ಹೇಳಿದರೆ ಬರುವುದಿಲ್ಲ ಎಂಬುದೂ ಗೊತ್ತು. ನಿನಗೆ ತೋಚಿದಂತೆ ಮಾಡು.

ನಳಿನಾಕ್ಷಿ


ಜರ್ಸಿ ಸಿಟಿ
ಮಾರ್ಚ್ 15, 2000

ನಳಿನಕ್ಕ,

ಅಮ್ಮ ಒಪ್ಪಿದಳು! ಏನೇನೋ ಪೀಠಿಕೆ ಹಾಕಿಕೊಂಡು ಹೋಗಿದ್ದೆ. ಯೂರೋಪು ನೋಡಿದ ಹಾಗೂ ಆಗುತ್ತೆ, ಮಗುವಿಗೂ ಒಂದೇ ಸಮ ಪ್ರಯಾಣ ಆಗಲ್ಲ ಅಂತೆಲ್ಲ. ಅವಳು ಬೇಳೆ ಆರಿಸುತ್ತಾ "ಆಗಲಿ" ಅಂದಳು. ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ "ಆ ಊರಲ್ಲಿ ಚಳಿ ಜಾಸ್ತೀನಾ?" ಎಂದು ಕೇಳಿದಳು. ಮೇನಲ್ಲಿ ಅಷ್ಟಿರಲ್ಲಮ್ಮ ಅಂದೆ. "ಮೇನಲ್ಲಲ್ಲ ಕಣೇ, ಮಾಮೂಲಾಗಿ" ಅಂದಳು. ಅವಳಿಗೆ ಗೊತ್ತಾಗಿದೆಯಾ? ಗೊತ್ತಿದ್ದೂ ಒಪ್ಪಿದಳಾ? ಅಥವಾ ಸುಮ್ಮನೆ ಕೇಳಿದಳಾ? ಇಡೀ ರಾತ್ರಿ ಅದೊಂದೇ ಯೋಚನೆ.

ನಿಮ್ಮೂರಿಗೆ ಬೇರೆ ವೀಸಾ ಬೇಕು. ನ್ಯೂಯಾರ್ಕಿನ ಕಾನ್ಸುಲೇಟಿಗೆ ಮೂವರೂ ಹೋಗಬೇಕು. ಅಲ್ಲ, ಇಬ್ಬರು, ಆನ್ಯಾಳದು ಅಮೆರಿಕದ ಪಾಸ್‌ಪೋರ್ಟು, ಅವಳಿಗೆ ಯಾವ ವೀಸಾವೂ ಬೇಡ. ಅಮ್ಮನಿಗೆ ಪಾಠ ಶುರು ಮಾಡಿದ್ದೇನೆ. ಇಲ್ಲಿಗೆ ಬರುವಾಗಲೂ ಮದ್ರಾಸಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ನಿಲ್ಲಿಸುವ ಮುಂಚೆ ಹೀಗೇ ಕಲಿಸಿದ್ದೆವು. ಎಲ್ಲರ ಮನೆಯಲ್ಲೂ ಕಲಿಸುತ್ತಾರೆ. ಬಾಣಂತನ ಅನ್ನಬೇಡ, ಕೆಲಸಕ್ಕೆ ಹೋಗುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಸೈಟ್‌ಸೀಯಿಂಗ್ ಅನ್ನು ಅಂತ. "ಈಗಲೂ ಅದೇ ತಾನೆ? ಬಾಯಿಪಾಠ ಇದೆ ಬಿಡು" ಅಂದಳು.

ಅವಳ ಪ್ರತಾಪ ಕೇಳು. ಮಗುವಿಗೆ ಎಣ್ಣೆನೀರು ಹಾಕಿ, ಬಾಣಲೆಯಲ್ಲಿ ಕೆಂಡ ಮಾಡಿ ಸಾಂಬ್ರಾಣಿ ಹೊಗೆ ಹಾಕಿದಳು. ಹೊಗೆಗೆ ಅಲಾರಂ ಕೂಗಿ, ಇಡೀ ಟವರಿನ ಜನ ಕೋಟು ಸಿಕ್ಕಿಸಿಕೊಂಡು ಬೀದಿಗೆ ಬಂದರು. ಫೈರ್ ಎಂಜಿನ್ ಬಂತು. ಅಮ್ಮ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಎಲ್ಲರಿಗೂ "ಬೇಬಿ ಬಾತ್, ಬೇಬಿ ಬಾತ್" ಎಂದು ಹೇಳುತ್ತಾ ನಿಂತಿದ್ದಳು. ಕಟ್ಟಡ ನೋಡಿಕೊಳ್ಳುವ ಟೋನಿ ಈಗ ಅವಳನ್ನು ಕಂಡರೆ "ಮಾಮಾ, ನೋ ಸ್ಮೋಕ್!" ಎಂದು ಕೈಮುಗಿಯುತ್ತಾನೆ.

ಒಂದು ಮಾತು. ನಗಬೇಡ. ಆ ಕಬ್ಬಿಣದ ಸೇತುವೆ ಬರೆದಿದ್ದೀಯಲ್ಲ, ಅದರ ಕಂಬಿಗಳ ನಡುವೆ ಎಷ್ಟು ಸಂದಿ ಇದೆ? ಕಣ್ಣು ಮುಚ್ಚಿದರೆ ಸಾಕು, ಆನ್ಯಾ ಆ ಸಂದಿಯಿಂದ ಜಾರಿ ನೀರಿಗೆ ಬೀಳುತ್ತಾಳೆ. ಅವಳಿನ್ನೂ ಮಗುಚಿಕೊಳ್ಳುವುದನ್ನೇ ಕಲಿತಿಲ್ಲ, ಗೊತ್ತು. ಆದರೂ ಬೀಳುತ್ತಾಳೆ.

ನಿನ್ನ,
ಹರ್ಷಿ


ಫ್ರಾಂಕ್‌ಫರ್ಟ್
ಮಾರ್ಚ್ 27, 2000

ಹರ್ಷಿ,

ಭಾನುವಾರ ಸೇತುವೆಗೆ ಹೋಗಿದ್ದೆ. ಶ್ರೀಕರನನ್ನು ಕರೆದುಕೊಂಡು ಹೋಗಿ, ಕಂಬಿಗಳ ನಡುವೆ ತಲೆ ಇಡಿಸಿ ನೋಡಿದೆ. ತೂರಲಿಲ್ಲ. ಆಮೇಲೆ ಏಳು ವರ್ಷದವನ ತಲೆ ಮಗುವಿನ ತಲೆಗಿಂತ ದೊಡ್ಡದಲ್ಲವೇ ಎಂದು ಹೊಳೆಯಿತು. ಮನೆಗೆ ಬಂದು, ಅವನು ಹುಟ್ಟಿದಾಗ ಹಾಕುತ್ತಿದ್ದ ಟೋಪಿ ಹುಡುಕಿ, ಅದರೊಳಗೆ ಬಟ್ಟೆ ತುರುಕಿ ಚೆಂಡು ಮಾಡಿಕೊಂಡು ಮತ್ತೆ ಹೋದೆ. ಅದೂ ತೂರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಅಮೆರಿಕದಿಂದ ನನ್ನ ತಂಗಿಯ ಮಗಳು ಬರುತ್ತಾಳೆ ಅಂದೆ. ಹಾಗೆ ಹೇಳಿ ಎಷ್ಟೋ ಹೊತ್ತು ನನಗೆ ಸುಧಾರಿಸಿಕೊಳ್ಳಲು ಆಗಲಿಲ್ಲ. ನನ್ನ ಮನೆಗೆ ನನ್ನ ಕಡೆಯವರು ಬರುತ್ತಾರೆ ಎಂದು ಈ ಊರಿನಲ್ಲಿ ಯಾರಿಗೂ ಹೇಳಿದವಳಲ್ಲ ನಾನು.

ಸಾಂಬ್ರಾಣಿಯ ವಿಷಯ ಓದಿ ನಕ್ಕೆ. ಶ್ರೀಕರ ಹುಟ್ಟಿದಾಗ ನಾನೂ ಹುಡುಕಿದ್ದೆ. ಕೊನೆಗೆ ಇಗರ್ಜಿಗಳಿಗೆ ಮೇಣದಬತ್ತಿ, ಧೂಪ ಮಾರುವ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವಳು ಯಾವ ಇಗರ್ಜಿಗೆ ಎಂದು ಕೇಳಿದಳು. ಮಗುವಿನ ತಲೆ ಒಣಗಿಸಲು ಅಂದದ್ದಕ್ಕೆ ಬೆಪ್ಪಾಗಿ ನಿಂತಳು. ಹೊಗೆಯೇನೋ ಹಾಕಿದೆ. ಅದಕ್ಕೆ ಮುಂಚೆ ನೆತ್ತಿಗೆ ಎಣ್ಣೆ ತಟ್ಟಬೇಕಲ್ಲ, ಮಗುವಿನದು ನಾನು ತಟ್ಟಿದೆ. ಬಾಣಂತಿಯ ನೆತ್ತಿಗೆ ತಟ್ಟುವವರು ಇರಲಿಲ್ಲ. ಮಾರ್ಟಿನ್ ತಟ್ಟುತ್ತೇನೆ ಅಂದ, ಪಾಪ. ಬೇಡ ಅಂದೆ.

ಹೆರಿಗೆಗೆ ಮುಂಚೆ ನಾನು ಮನೆಗೆ ಫೋನ್ ಮಾಡಿದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ಅಮ್ಮನೇ ಎತ್ತಿದಳು. "ಬರ್ತೀಯಾಮ್ಮ?" ಅಂದೆ. ಆ ಕಡೆಯಿಂದ ಉಸಿರು ಕೇಳಿಸುತ್ತಿತ್ತು. ಆಮೇಲೆ ಫೋನ್ ಇಟ್ಟ ಸದ್ದು. ಅಪ್ಪ ಬಾಗಿಲು ಮುಚ್ಚಿದ್ದಕ್ಕೆ ನನಗೆ ಅಷ್ಟು ನೋವಿಲ್ಲ, ಅವರು ಮುಚ್ಚುವವರೇ. ಆ ಉಸಿರು ಮರೆಯಲು ಆಗಲಿಲ್ಲ.

ನಿನ್ನ ಬಾಣಂತನ ಚೆನ್ನಾಗಿ ಆಗಲಿ. ಇದನ್ನು ಹೊಟ್ಟೆಕಿಚ್ಚಿಲ್ಲದೆ ಬರೆಯಬೇಕು ಎಂದು ಎರಡು ಸಲ ಹರಿದು ಬರೆದಿದ್ದೇನೆ.

ಅಕ್ಕ


ಜರ್ಸಿ ಸಿಟಿ
ಏಪ್ರಿಲ್ 19, 2000

ಅಕ್ಕ,

ಎಲ್ಲ ಕೆಟ್ಟಿತು. ಕೆಡಿಸಿದ್ದು ನಾನೇ. ನಿನ್ನೆ ಕಾನ್ಸುಲೇಟಿಗೆ ಹೋಗಿದ್ದೆವು. ಫಾರಂನಲ್ಲಿ ಜರ್ಮನಿಯಲ್ಲಿ ನೆಂಟರಿದ್ದಾರೆಯೇ ಎಂದು ಕೇಳಿದ್ದರು. ಇದ್ದಾರೆ ಎಂದು ಬರೆದರೆ ನಿನ್ನ ಹೆಸರು, ವಿಳಾಸ, ಆಹ್ವಾನ ಎಲ್ಲ ಬೇಕು. ಅಮ್ಮನ ಎದುರಿಗೆ ಅದನ್ನೆಲ್ಲ ಹೇಗೆ ತುಂಬಲಿ? ಇಬ್ಬರದರಲ್ಲೂ ಇಲ್ಲ ಎಂದು ಬರೆದೆ. ಅಮ್ಮ ತೋರಿಸಿದ ಕಡೆ ಸಹಿ ಹಾಕಿದಳು.

ಕಿಟಕಿಯ ಹಿಂದೆ ಒಬ್ಬ ಹೆಂಗಸು. ಒಳ್ಳೆಯವಳೇ. ಆನ್ಯಾಳನ್ನು ನೋಡಿ ನಕ್ಕಳು. ಅಮ್ಮನನ್ನು ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದಳು. ಅಮ್ಮ ಪಾಠ ಒಪ್ಪಿಸಿದಳು, "ಸೈಟ್‌ಸೀಯಿಂಗ್." ಗೆದ್ದೆವು ಎಂದುಕೊಂಡೆ. ಆಕೆ ಕಾಗದ ತಿರುವುತ್ತಾ, ಕೇಳಬೇಕಲ್ಲ ಅಂತ ಕೇಳಿದ ಹಾಗೆ, ಅಲ್ಲಿ ನಿಮ್ಮವರು ಯಾರಾದರೂ ಇದ್ದಾರಾ ಅಂದಳು.

ಅಮ್ಮ ನನ್ನ ಮುಖ ನೋಡಿದಳು. ಇಲ್ಲ ಅನ್ನು ಎಂದು ಕಣ್ಸನ್ನೆ ಮಾಡಿದೆ. ಅವಳು ಸೆರಗು ಸರಿಮಾಡಿಕೊಂಡು ಕಿಟಕಿಗೆ ಇನ್ನಷ್ಟು ಹತ್ತಿರ ಹೋಗಿ, "ಎಸ್. ಮೈ ಡಾಟರ್. ಎಲ್ಡರ್ ಡಾಟರ್. ನಳಿನಾಕ್ಷಿ" ಅಂದಳು. ಕೇಳದಿದ್ದರೂ ನಿನ್ನ ಹೆಸರು ಹೇಳಿದಳು, ಅಕ್ಕ. ಗಾಜಿನಾಚೆ ಇರುವವಳಿಗೆ ಕೇಳಿಸಲಿ ಅಂತ ಜೋರಾಗಿ ಹೇಳಿದಳು. ಹಿಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

ಆಕೆ ಫಾರಂ ನೋಡಿದಳು, ನಮ್ಮನ್ನು ನೋಡಿದಳು. ಒಳಗೆ ಹೋಗಿ ಯಾರನ್ನೋ ಕರೆದುಕೊಂಡು ಬಂದಳು. ಬರೆದದ್ದೊಂದು, ಹೇಳಿದ್ದೊಂದು. ಇಬ್ಬರಿಗೂ ಇಲ್ಲ ಅಂದರು.

ಬೀದಿಗೆ ಬಂದು ನಾನು ಅಮ್ಮನ ಮೇಲೆ ಕೂಗಾಡಿದೆ. ಮಗು ಅಳುತ್ತಿತ್ತು, ನದಿ ಕಡೆಯಿಂದ ಗಾಳಿ. "ಯಾಕಮ್ಮ ಹೇಳ್ದೆ? ಒಂದು ಇಲ್ಲ ಅನ್ನೋಕೆ ಏನಾಗಿತ್ತು ನಿಂಗೆ?"

"ನಿಮ್ಮಪ್ಪ ಇದ್ದಾಗ ಯಾರಾದ್ರೂ ಎಷ್ಟು ಮಕ್ಕಳು ಅಂತ ಕೇಳಿದ್ರೆ, ಒಬ್ಬಳೇ ಮಗಳು ಅಂತಿದ್ದೆ. ಅವರು ಹೋದ ಮೇಲೂ ಅದೇ ಅಂದ್ಕೊಂಡು ಬಂದೆ. ಇನ್ನೂ ಎಷ್ಟು ಸಲ ಅನ್ನಿಸ್ತೀಯೇ?"

ನಿನಗೆ ಗೊತ್ತಿತ್ತಾ ಅಂದೆ. "ಕಟ್ಟಡ ನೋಡೋಕೆ ಯಾರಾದ್ರೂ ಇಷ್ಟು ನಿದ್ದೆಗೆಡ್ತಾರಾ? ಹುಚ್ಚಿ" ಅಂದು, ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನೊಳಗೆ ಹಾಕಿಕೊಂಡಳು. ಮನೆಗೆ ಬಂದು ಅಡುಗೆಗೆ ನಿಂತಳು. ಸಾರಿಗೆ ಉಪ್ಪು ಹಾಕಿರಲಿಲ್ಲ. ಜಗದೀಶ್ ಉಪ್ಪಿನಕಾಯಿ ಕಲಸಿಕೊಂಡು ಊಟ ಮಾಡಿದರು.

ನಾವು ಈಗ ಊರೊಳಕ್ಕೆ ಬರುವ ಹಾಗಿಲ್ಲ. ಅವತ್ತೇ ಮದ್ರಾಸಿನ ವಿಮಾನ ಹತ್ತಬೇಕು. ಏರ್‌ಪೋರ್ಟಿನ ಒಳಗೇ ಇದ್ದರೆ ವೀಸಾ ಬೇಡವಂತೆ. ಬೆಳಿಗ್ಗೆ ಇಳಿದು ನಾಲ್ಕೈದು ಗಂಟೆ ಅಲ್ಲೇ ಕೂತಿರಬೇಕು. ನಮ್ಮ ಮೂವರಲ್ಲಿ ನಿನ್ನ ಊರಿಗೆ ಕಾಲಿಡಬಹುದಾದವಳು, ಇನ್ನೂ ಕಾಲೂರಲು ಬಾರದ ಆನ್ಯಾ ಒಬ್ಬಳೇ. ಅಷ್ಟು ಹತ್ತಿರ ಬಂದು, ಒಂದು ಗೋಡೆಯ ಆಚೆ ನೀನು ಈಚೆ ನಾವು. ಇದಕ್ಕಿಂತ ಬೇರೆ ದಾರಿಯಲ್ಲಿ ಹೋಗುವುದೇ ವಾಸಿಯೇನೋ. ಟಿಕೆಟ್ ಬದಲಾಯಿಸಲೇ? ಬೇಗ ಬರೆ.

ಹರ್ಷಿ


ಫ್ರಾಂಕ್‌ಫರ್ಟ್
ಏಪ್ರಿಲ್ 28, 2000

ಹರ್ಷಿ,

ಟಿಕೆಟ್ ಬದಲಾಯಿಸಬೇಡ.

ಅವತ್ತಿಗೆ ನಾನೊಂದು ಲಂಡನ್ ಟಿಕೆಟ್ ತೆಗೆದುಕೊಂಡಿದ್ದೇನೆ. ಲಂಡನ್ನಿಗೆ ಹೋಗುವುದಿಲ್ಲ. ಟಿಕೆಟ್ ಇದ್ದರೆ ಒಳಗೆ ಬಿಡುತ್ತಾರೆ. ಲಂಡನ್ ವಿಮಾನ ಹೊರಡುವುದೂ, ನೀವು ಕೂರುವುದೂ ಪಾಸ್‌ಪೋರ್ಟ್ ತಪಾಸಣೆ ದಾಟಿದ ಮೇಲೆ ಒಂದೇ ಕಡೆ. ಮಾರ್ಟಿನ್ ನಿಲ್ದಾಣಕ್ಕೆ ಹೋಗಿ ವಿಚಾರಿಸಿಕೊಂಡು ಬಂದ. ನಿಮ್ಮ ಮದ್ರಾಸ್ ವಿಮಾನದ ಗೇಟಿನ ಹತ್ತಿರ ಇರುತ್ತೇನೆ.

ಶ್ರೀಕರನನ್ನು ಕರೆತರುವುದಿಲ್ಲ. ಅಮ್ಮ ನನ್ನನ್ನು ನೋಡಿ ಮುಖ ತಿರುಗಿಸಿದರೆ ನಾನು ತಡೆದುಕೊಳ್ಳುತ್ತೇನೆ. ಅವನ ಎದುರಿಗೆ ಬೇಡ.

ಕಿಟಕಿಯಲ್ಲಿ ಅವಳು ಹೇಳಿದ್ದನ್ನು ನೀನು ಬರೆದಿರುವ ಆ ಹಾಳೆಯನ್ನು ಮಾರ್ಟಿನ್‌ಗೆ ಓದಿ, ಅರ್ಥ ಹೇಳಿದೆ. ಅವನು ಇನ್ನೊಂದು ಸಲ ಓದು ಅಂದ.

ಅಕ್ಕ


ಜರ್ಸಿ ಸಿಟಿ
ಮೇ 12, 2000

ಅಕ್ಕ,

ಹೇಳಿದೆ. ಅಮ್ಮ ಕೇಳಿಸಿಕೊಂಡು, "ಹೋಗದೇ ಇರೋ ಊರಿಗೆ ಟಿಕೆಟ್ ತಗೊಂಡಳಾ? ಮೊದಲಿಂದಲೂ ಹಾಗೇ ಅವಳು" ಅಂದಳು. ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ಮಾರನೇ ದಿನ "ಬರೋದು ಬೇಡ ಅನ್ನು, ಅವಳಿಗೆ ಯಾಕೆ ತೊಂದರೆ" ಅಂದಳು. ಮಧ್ಯಾಹ್ನ "ಬರ್ತಾಳೆ ತಾನೆ?" ಅಂದಳು. ದಿನಕ್ಕೊಂದು ರೀತಿ. ನನಗೋ ನೂರೆಂಟು ಯೋಚನೆ. ಅವಳು ಮಾತಾಡದೆ ಕೂತರೆ? ನೀನು ಹಳೆಯದನ್ನು ಎತ್ತಿದರೆ? ವಿಮಾನ ತಡವಾದರೆ? ಏಜೆಂಟ್ ರೂಢಿಯಂತೆ ಅಮ್ಮನ ಹೆಸರಿಗೆ ಗಾಲಿಕುರ್ಚಿ ಬರೆಸಿಬಿಟ್ಟಿದ್ದಾನೆ, ಇಂಗ್ಲಿಷ್ ಬಾರದ ಅಮ್ಮಂದಿರಿಗೆಲ್ಲ ಹಾಗೇ ಮಾಡುತ್ತಾರೆ. ಕುರ್ಚಿ ತಳ್ಳುವವನು ಅವಳನ್ನು ಬೇರೆ ಎಲ್ಲೋ ಕೂರಿಸಿಬಿಟ್ಟರೆ ನೀನು ಗೇಟಿನ ಹತ್ತಿರ ಕಾಯುತ್ತಲೇ ಇರುತ್ತೀಯ.

ಅಮ್ಮ ದಾಸವಾಳದ ಎಲೆ, ಮೆಂತ್ಯ ಹಾಕಿ ಎಣ್ಣೆ ಕಾಯಿಸಿದ್ದಾಳೆ. ದಾಸವಾಳದ ಗಿಡಕ್ಕಾಗಿ ಜಗದೀಶ್‌ರನ್ನು ಓಲ್ಡ್ ಬ್ರಿಡ್ಜ್ ಎಂಬ ಊರಿನ ಯಾರದೋ ಮನೆಗೆ ಅಟ್ಟಿದ್ದಳು. ಅಲಾರಂ ಕೂಗಲಿಲ್ಲ, ಕಿಟಕಿ ಎಲ್ಲ ತೆಗೆದಿದ್ದೆವು. ನನಗೆ ಒಂದು ತೊಟ್ಟು ಮುಟ್ಟಲು ಬಿಡಲಿಲ್ಲ. "ನಿಂದು ಆಯ್ತಲ್ಲ" ಅಂದಳು. ಸೀಸೆಗೆ ಹಾಕಿ, ಬಟ್ಟೆ ಸುತ್ತಿ ಕೈಚೀಲದ ತಳಕ್ಕಿಟ್ಟಿದ್ದಾಳೆ.

ಬರುತ್ತೀಯ ತಾನೆ?

ಹರ್ಷಿ


ಮೈಸೂರು
ಜೂನ್ 4, 2000

ಪ್ರೀತಿಯ ಅಕ್ಕ,

ತಲುಪಿದೆವು ಎಂದು ಫೋನಿನಲ್ಲೇ ಹೇಳಿದ್ದರೂ ಇದನ್ನು ಬರೆಯಲೇಬೇಕು.

ನಾಚಿಕೆಯಾಗುತ್ತದೆ ನನಗೆ. ನಾಲ್ಕು ತಿಂಗಳಿಂದ ಯಾವ ಗಳಿಗೆಗಾಗಿ ಒದ್ದಾಡಿದೆನೋ ಅದು ಬಂದಾಗ ನಾನು ನಿದ್ದೆ ಹೊಡೆದೆ! ನನಗೆ ನೆನಪಿರುವುದು ಇಷ್ಟೇ. ದೂರದಲ್ಲಿ ಕತ್ತರಿಸಿದ ಕೂದಲಿನ ಒಬ್ಬ ಹೆಂಗಸು ನಿಂತಿದ್ದಳು. ನನಗೆ ಗುರುತು ಹತ್ತಲಿಲ್ಲ. ಅಮ್ಮ ಕುರ್ಚಿಯಿಂದ ಎದ್ದು ನಡೆಯತೊಡಗಿದಳು. ತಳ್ಳುತ್ತಿದ್ದ ಹುಡುಗ "ಮೇಡಂ, ಮೇಡಂ" ಎಂದು ಖಾಲಿ ಕುರ್ಚಿ ತಳ್ಳಿಕೊಂಡು ಹಿಂದೆ ಓಡಿದ. ನೀವಿಬ್ಬರೂ ಎದುರಾಗಿ ನಿಂತಿರಿ. ಆಗ ನೀನು ನನ್ನ ಕಡೆ ತಿರುಗಿ, "ಕೊಡು ಇಲ್ಲಿ ಮಗೂನ. ಉಸಿರು ನಾನು ನೋಡ್ತಿರ್ತೀನಿ. ನೀನು ಕಣ್ಣು ಮುಚ್ಚು" ಅಂದೆ. ಕೊಟ್ಟೆ. ಜಗದೀಶ್ ಕೈಗೆ ಕೊಡಲೂ ಹೆದರುತ್ತಿದ್ದವಳು, ಹತ್ತು ವರ್ಷದಿಂದ ಕಾಣದಿದ್ದ ನಿನ್ನ ಕೈಗೆ ಕೊಟ್ಟು, ಆ ಗಟ್ಟಿ ಕುರ್ಚಿಯಲ್ಲಿ ಕೂತೆ. ಆಮೇಲೆ ಏನೂ ಗೊತ್ತಿಲ್ಲ.

ಎಚ್ಚರವಾದಾಗ ಮದ್ರಾಸಿನ ವಿಮಾನಕ್ಕೆ ಕರೆಯುತ್ತಿದ್ದರು. ನೀನು ನೆಲದ ಮೇಲೆ ಅಮ್ಮನ ಮೊಣಕಾಲಿಗೆ ಒರಗಿ ಕೂತಿದ್ದೆ, ಆನ್ಯಾ ನಿನ್ನ ಮಡಿಲಲ್ಲಿ ನಿದ್ದೆ. ಅಮ್ಮ ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ನಿನ್ನ ನೆತ್ತಿಗೆ ತಟ್ಟುತ್ತಿದ್ದಳು. ಸೂಟು ಹಾಕಿಕೊಂಡವರೆಲ್ಲ ಪೆಟ್ಟಿಗೆ ಎಳೆದುಕೊಂಡು ನಿಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಎಣ್ಣೆ ನಿನ್ನ ಹಣೆಗೆ ಇಳಿದಿತ್ತು. ನಿನ್ನ ಕಣ್ಣು ಮುಚ್ಚಿತ್ತು.

ಅದಕ್ಕೆ ಮುಂಚೆ ಏನು ಮಾತಾಡಿದಿರಿ, ಫೋನ್ ಇಟ್ಟದ್ದನ್ನು ನೀನು ಕೇಳಿದೆಯಾ, ಅವಳು ಹೇಳಿದಳಾ, ನಾನು ಕೇಳುವುದಿಲ್ಲ. ವಿಮಾನದಲ್ಲಿ ಅಮ್ಮನೂ ಹೇಳಲಿಲ್ಲ. ಕೈ ತೊಳೆದುಕೊಂಡು ಬಾಮ್ಮ, ಎಣ್ಣೆ ಜಿಡ್ಡು ಅಂದೆ. "ಇರಲಿ ಬಿಡೇ" ಎಂದು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಮದ್ರಾಸು ಬರುವವರೆಗೂ ಹಾಗೇ ಕೂತಿದ್ದಳು.

ಇಲ್ಲಿ ರಾತ್ರಿ ನಿದ್ದೆ ಬರುತ್ತಿದೆ. ಈಗಲೂ ಒಂದು ಸಲ ಬೆರಳಿಟ್ಟು ನೋಡುತ್ತೇನೆ, ಸುಳ್ಳು ಹೇಳುವುದಿಲ್ಲ.

ನಿನ್ನೆ ಪಕ್ಕದ ಮನೆಯ ಶಿವಗಂಗಮ್ಮ ಮಗುವನ್ನು ನೋಡಲು ಬಂದಿದ್ದರು. ನಾವು ಜರ್ಮನಿ ನೋಡುತ್ತೇವೆಂದು ನಾನು ಮಾರ್ಚಿನಲ್ಲೇ ಅವರಿಗೊಂದು ಕಾಗದ ಬರೆದಿದ್ದೆ, ಊರಿಗೆಲ್ಲ ಸುದ್ದಿ. "ಏನ್ ಶೈಲಮ್ಮ, ಯೂರೋಪೆಲ್ಲ ಸುತ್ಕೊಂಡು ಬಂದ್ಬಿಟ್ರಂತೆ! ಹೇಗಿತ್ರೀ ಜರ್ಮನಿ?" ಅಂದರು.

ಅಮ್ಮ ಕಾಫಿ ಸೋಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಸ್ವಲ್ಪ ಇಳಿದುಹೋಗಿದ್ದಾಳೆ ಕಣ್ರೀ. ಕೂದಲು ಬೇರೆ ಕತ್ತರಿಸ್ಕೊಂಡಿದ್ದಾಳೆ. ನೆತ್ತಿ ಒಣಗಿತ್ತು, ಎಣ್ಣೆ ಹಾಕಿ ಬಂದೆ."

ನಿನ್ನ,
ಹರ್ಷಿ